ನೆತ್ತಿ ಆರುವವರೆಗೆ

ಕಾರ್ಖಾನೆಯ ಶಿಶುಕೋಣೆಯ ಹಿರಿಯ ಆಯಾಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವುದು. ಮನೆಯಲ್ಲಿ ತನ್ನ ಮೂರು ಮಕ್ಕಳ ಜೊತೆಗೆ ಮೈದುನನ ಎರಡನ್ನೂ ಸಾಕಿದಾಗ ಅದನ್ನು ಯಾರೂ ಕೆಲಸ ಎನ್ನಲಿಲ್ಲ. ಅದನ್ನೇ ಇಲ್ಲಿ ಮಾಡಿದರೆ ಸಂಬಳ ಕೊಟ್ಟರು; ಮೊದಲ ತಿಂಗಳು ಅವಳಿಗೆ ನಗು ತಡೆಯಲಾಗಲಿಲ್ಲ. ಈಗ ಈ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಅಳು ಕೇಳಿಯೇ ಹಸಿವೋ, ಒದ್ದೆಯೋ, ಬರೀ ಹಟವೋ ಹೇಳಬಲ್ಲಳು.

ಹಸುಗೂಸುಗಳ ಕೋಣೆಗೆ ಇಬ್ಬರು ಆಯಾ ಇರಬೇಕೆಂಬುದು ಕಾರ್ಖಾನೆಯ ನಿಯಮ. ಒಂದು ಬೆಳಿಗ್ಗೆ ಹೊಸ ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತರು. ಒಳಗೆ ಒಂಬತ್ತು ಮಕ್ಕಳು ಅಂಬೆಗಾಲಿಡುತ್ತಿದ್ದವು.

"ದೊಡ್ಡಮ್ಮ, ಚಿಕ್ಕ ಆಯಾನ ನಾಳೆಯಿಂದ ಆಫೀಸಿಗೆ ಕಳಿಸಿ. ಚಹಾ ಮಾಡೋಕೆ ಜನ ಇಲ್ಲ."

"ಒಂಬತ್ತು ಕೂಸು ಸಾರ್. ನನಗಿರೋದು ಎರಡೇ ಕೈ."

"ಇವು ಹಸುಗೂಸಲ್ಲ. ಹಸುಗೂಸು ಅಂದ್ರೆ ಹಸು ಥರ ಸಾಧುವಾಗಿ ಬಿದ್ಕೊಂಡಿರೋದು. ಇವು ಓಡಾಡ್ತಿವೆ."

ಬಟ್ಟೆ ಮಡಚುತ್ತಿದ್ದ ಚಿಕ್ಕ ಆಯಾ ಕಿಸಕ್ಕೆಂದಳು.

"ಹಸು ಸಾಧು ಅಂದೋರು ಯಾವತ್ತೂ ಹಾಲು ಕರೆದಿರಲ್ಲ ಬಿಡಿ," ಎಂದಳು ದೊಡ್ಡಮ್ಮ. "ಇದು ಆ ಹಸು ಅಲ್ಲ ಸಾರ್. ಹಸಿ, ಹಸಿರು ಅಂತೀವಲ್ಲ, ಆ ಹಸು. ಇನ್ನೂ ಎಳಸು ಅಂತ. ನಮ್ಮಜ್ಜಿ ಹಸುಳೆ ಅನ್ನೋಳು, ಅದೂ ಇದೇ."

"ಹಸಿ ಎಷ್ಟು ದಿನ? ಅದಕ್ಕೇನು ಅಳತೆ ಇದೆಯಾ?"

"ಇದೆ. ಕೈ ತೊಳ್ಕೊಂಡು ಬನ್ನಿ."

ತೊಳೆದು ಬಂದರು. ದಿನವಿಡೀ ಬಾಗಿಲ ಕಡೆಗೇ ತೆವಳುವ ಒಂದು ತುಂಟಿಯನ್ನು ದೊಡ್ಡಮ್ಮ ಎತ್ತಿಕೊಂಡು, ಅವರ ಎರಡು ಬೆರಳನ್ನು ಅದರ ನೆತ್ತಿಯ ಮೇಲೆ ಮೆಲ್ಲಗೆ ಇರಿಸಿದಳು. ಅಲ್ಲಿ ಮೂಳೆ ಸಿಗಲಿಲ್ಲ. ಚರ್ಮದಡಿಯಲ್ಲಿ ಏನೋ ಮಿಡಿಯುತ್ತಿತ್ತು. ಮ್ಯಾನೇಜರು ಕೈ ಹಿಂದೆಳೆದರು. ಮನೆಯಲ್ಲಿ ಅವರಿಗೂ ಇಬ್ಬರು ಮಕ್ಕಳು. ಇಂಥದೊಂದು ಇರುವುದೇ ಗೊತ್ತಿರಲಿಲ್ಲ.

"ನೆತ್ತಿ ಆರಿ ಮೂಳೆ ಕೂಡೋವರೆಗೂ ಹಸುಗೂಸೇ. ಒಂದೂವರೆ ವರ್ಷ ಹಿಡಿಯುತ್ತೆ. ಇಲ್ಲಿ ಒಂದಕ್ಕೂ ಆರಿಲ್ಲ. ನಾನು ಒಂದನ್ನ ತೊಳೀತಿರುವಾಗ ಇನ್ನೊಂದು ಗೋಡೆಗೆ ತಲೆ ಹೊಡ್ಕೊಂಡ್ರೆ ಯಾರು ಹಿಡೀತಾರೆ?"

ಅವರು ಒಂಬತ್ತು ತಲೆಗಳನ್ನೂ ಒಂದೊಂದಾಗಿ ನೋಡಿದರು. "ಸರಿ, ಇಬ್ಬರೂ ಇರಿ. ಮತ್ತೆ ಚಹಾಕ್ಕೆ ಏನ್ಮಾಡೋದು?"

"ನಿಮ್ಮ ನೆತ್ತಿ ಆರಿದೆಯಲ್ಲ ಸಾರ್."

ಮಧ್ಯಾಹ್ನ ಆಫೀಸಿನ ಕಡೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಚಿಕ್ಕ ಆಯಾ ಎದ್ದಳು.

"ಕೂತ್ಕೊಳ್ಳೇ," ಎಂದಳು ದೊಡ್ಡಮ್ಮ, ಮಗುವಿನ ಕುಂಡೆ ಒರೆಸುತ್ತ. "ಕಲೀಲಿ."