ಹದಿನೇಳು ಇನಿಂಗ್ಸಿನ ಆಟ ಮುಗಿದ ದಿನ

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಅಮೆರಿಕದ ಲ್ಯಾನ್‌ಹ್ಯಾಮಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟೆವು. ಆರಕ್ಕೇ ಹೊರಡಬೇಕೆಂದು ಹಿಂದಿನ ದಿನವೇ ಮೂರು ಸಲ ಹೇಳಿದ್ದೆ. ಶಾರದತ್ತೆ ಪುಳಿಯೋಗರೆಯ ಡಬ್ಬಿ, ಮೊಸರನ್ನದ ಡಬ್ಬಿ, ಎರಡು ಫ್ಲಾಸ್ಕ್, ಒಂದು ಜಮಖಾನ, ಒಂದು ಕೊಡೆ, ಇಷ್ಟನ್ನೂ ಕಾರಿಗೆ ತುಂಬದೆ ಕದಲಲಿಲ್ಲ. "ಮೋಡವೇ ಇಲ್ಲ, ಕೊಡೆ ಯಾಕೆ ಅತ್ತೆ?" ಎಂದೆ. "ಜೂನ್ ತಿಂಗಳು ಕಣೋ, ಮಳೆ ಬರೋದೇ ಈಗ" ಎಂದರು. ಅದು ಮೈಸೂರಿನ ಮಳೆಯ ಮಾತು. ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿದವರ ಜೊತೆ ವಾದಕ್ಕಿಳಿದು ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ನಾವು ಹೊರಟದ್ದು ನಾರ್ತ್ ಕೆರೊಲಿನಾದ ಒಂದು ಗಿರಣಿ ಊರಿಗೆ, ಒಂದು ತಾರೀಖನ್ನು ಹುಡುಕಿಕೊಂಡು. ನನ್ನ ಚಿಕ್ಕಪ್ಪ ಸೀನ, ಅತ್ತೆಯ ಕೊನೆಯ ತಮ್ಮ, ಎಪ್ಪತ್ತರ ದಶಕದಲ್ಲಿ ಆ ಊರಿನ ಬಟ್ಟೆ ಗಿರಣಿಯಲ್ಲಿ ಬಣ್ಣದ ವಿಭಾಗದ ಕೆಲಸದಲ್ಲಿದ್ದ. ಮದುವೆಯಾಗಿರಲಿಲ್ಲ. ಅಲ್ಲೇ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡ. ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಬರೆದ ಒಂದೇ ಒಂದು ಕಾಗದದಿಂದ ನಮಗೆ ಸುದ್ದಿ ತಿಳಿಯಿತು. ಅದರಲ್ಲಿ ತಾರೀಖಾಗಲಿ ಬರೆದವನ ವಿಳಾಸವಾಗಲಿ ಇರಲಿಲ್ಲ. ಯಾವ ವರ್ಷ, ಯಾವ ತಿಂಗಳು ಎಂಬುದು ಗೊತ್ತಿತ್ತು, ದಿನ ಗೊತ್ತಿರಲಿಲ್ಲ. ಹಾಗಾಗಿ ನಮ್ಮಪ್ಪ ಬದುಕಿರುವವರೆಗೂ ಮಹಾಲಯ ಅಮಾವಾಸ್ಯೆಯಂದು, ತಿಥಿ ತಿಳಿಯದವರ ಸಾಲಿನಲ್ಲಿ, ಅವನಿಗೂ ಒಂದು ಪಿಂಡ ಇಡುತ್ತಿದ್ದರು.

ಅತ್ತೆಗೆ ಅದು ನುಂಗಲಾರದ ತುತ್ತಾಗಿತ್ತು. "ಸೀನ ಏನು ದಿಕ್ಕಿಲ್ಲದವನಾ? ಅವನಿಗೂ ಒಂದು ದಿನ ಅಂತ ಇತ್ತಲ್ಲೋ" ಎನ್ನುತ್ತಿದ್ದರು. ಈಗ ಅವರಿಗೆ ಎಪ್ಪತ್ತೆರಡು. ಹೃದಯದ ತೊಂದರೆ ಬೇರೆ. ಇನ್ನೊಮ್ಮೆ ಇಷ್ಟು ದೂರದ ವಿಮಾನ ಬೇಡ ಎಂದು ಮೈಸೂರಿನ ಡಾಕ್ಟರು ಹೇಳಿಯೇ ಕಳಿಸಿದ್ದರು. ಮುಂದಿನ ಮಂಗಳವಾರ ಅವರ ವಾಪಸು ಟಿಕೆಟ್ಟು. ಅಷ್ಟರೊಳಗೆ ಸೀನನ ತಿಥಿ ಯಾವುದೆಂದು ತಿಳಿಯಬೇಕು. ಅವನು ಸತ್ತ ದೇಶದಲ್ಲೇ, ನನ್ನ ಕೈಯಿಂದ, ಅವರ ಕಣ್ಣೆದುರಿಗೆ ಒಂದು ಶ್ರಾದ್ಧ ನಡೆಯಬೇಕು. ಈ ದೇಶಕ್ಕೆ ಅವರು ಬಂದದ್ದೇ ಅದಕ್ಕೆ. ನನ್ನನ್ನು ನೋಡಲು ಬಂದೆ ಎಂಬುದು ವೀಸಾ ಆಫೀಸಿನವರಿಗೆ ಹೇಳಿದ ಮಾತು.

ಆ ಊರಿನ ದಾಖಲೆ ಕಚೇರಿಗೆ ಎರಡು ಸಲ ಬರೆದಿದ್ದೆ. ಆ ಹೆಸರಿನವರು ಯಾರೂ ಇಲ್ಲ ಎಂದು ಉತ್ತರ ಬಂತು. ಊರ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಎಲ್ಲ ಸೇರಿ ಮಾರುದ್ದವಿದ್ದ ಅವನ ಹೆಸರನ್ನು ಯಾರು ಹೇಗೆ ಕತ್ತರಿಸಿ ಬರೆದುಕೊಂಡಿದ್ದರೋ ದೇವರೇ ಬಲ್ಲ. ನಮಗೆ ಉಳಿದದ್ದು ಆ ಕಾಗದ ಮಾತ್ರ. ಅತ್ತೆ ಅದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು. ಇಂಗ್ಲಿಷಿನಲ್ಲಿದ್ದ ಅದರ ಮುಖ್ಯ ಭಾಗ ಹೀಗಿದೆ: "ನಿಮ್ಮ ಹುಡುಗ ನೋವಿಲ್ಲದೆ ಹೋದ. ನಮ್ಮ ಊರಿನ ಬೇಸ್‌ಬಾಲ್ ತಂಡದ ಹದಿನೇಳು ಇನಿಂಗ್ಸಿನ ಆಟ ಮುಗಿದದ್ದನ್ನು ಹಾಸಿಗೆ ಪಕ್ಕದ ರೇಡಿಯೊದಲ್ಲಿ ಕೇಳಿದ. ಗೆದ್ದೆವು ಎಂದು ನಕ್ಕ. ಕಿಟಕಿಯ ಬಿಸಿಲು ಕಣ್ಣಿಗೆ ಬೀಳುತ್ತಿದೆ, ಪರದೆ ಎಳಿ ಎಂದ. ನಾನು ಎಳೆದು ತಿರುಗುವಷ್ಟರಲ್ಲಿ ಹೋಗಿಬಿಟ್ಟಿದ್ದ." ಬೇಸ್‌ಬಾಲಿನಲ್ಲಿ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸು. ಸಮವಾದರೆ ಮಾತ್ರ ಮುಂದುವರಿಯುತ್ತದೆ. ಹದಿನೇಳರವರೆಗೆ ಎಳೆದ ಆಟವನ್ನು ಆ ಊರು ಮರೆತಿರಲಾರದು ಎಂಬುದೊಂದೇ ನಮ್ಮ ಆಸೆ.

ವರ್ಜೀನಿಯಾ ದಾಟುವ ಮುಂಚೆ ಒಂದು ರೆಸ್ಟ್ ಏರಿಯಾದಲ್ಲಿ ಪೈನ್ ಮರದ ಕೆಳಗೆ ಜಮಖಾನ ಹಾಸಿ ಪುಳಿಯೋಗರೆ ತಿಂದೆವು. ಗ್ಯಾಲನ್ನಿಗೆ ಡಾಲರಿನ ಮೇಲೆ ಹತ್ತು ಸೆಂಟ್ ಕೊಟ್ಟು ಪೆಟ್ರೋಲು ತುಂಬಿಸಿದ್ದೆ. ಸೆಖೆ ವಿಪರೀತ. ಅಲ್ಲಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಚ್ಚಿಟ್ಟಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು. ಆ ಕಾಗದ ಬಂದಾಗ ನನಗೆ ಒಂಬತ್ತು ವರ್ಷ. ಮನೆಯವರೆಲ್ಲ ಅಳುತ್ತಿದ್ದಾಗ ನಾನು ಲಕೋಟೆಯ ಅಮೆರಿಕದ ಸ್ಟ್ಯಾಂಪುಗಳನ್ನು ಕತ್ತರಿಸಿ, ನೀರಿನಲ್ಲಿ ನೆನೆಹಾಕಿ, ಬಿಡಿಸಿ ಆಲ್ಬಮ್ಮಿಗೆ ಅಂಟಿಸಿದ್ದೆ. ಅಂಚೆಯ ಮುದ್ರೆ ನೀರಿನಲ್ಲಿ ತೊಳೆದುಹೋಯಿತು, ಅದರ ಜೊತೆ ತಾರೀಖೂ ಹೋಯಿತು.

"ನಾನೇ ಅತ್ತೆ ಹಾಳು ಮಾಡಿದ್ದು" ಎಂದೆ.

ಅತ್ತೆ ಬೆರಳು ನೆಕ್ಕುತ್ತಾ, "ಗೊತ್ತು ಕಣೋ ಕತ್ತೆ. ಆ ಆಲ್ಬಮ್ ಕೊಡಿಸಿದ್ದು ಯಾರು? ನಾನೇ ತಾನೆ? ಇನ್ನೊಂಚೂರು ಹಾಕ್ಕೋ" ಎಂದರು.

ಇನ್ನೂರ ಎಪ್ಪತ್ತು ಮೈಲಿ ಮುಗಿಸಿ ಮಧ್ಯಾಹ್ನ ಎರಡರ ಸುಮಾರಿಗೆ ಡರ್ಹಮ್‌ನಲ್ಲಿ ನಸ್ರೀನಳ ಮನೆ ಸೇರಿದೆವು. ನಸ್ರೀನ್ ನನ್ನ ಜೊತೆ ಮೈಸೂರಿನಲ್ಲಿ ಕಾಲೇಜು ಓದಿದವಳು, ಈಗ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಬೇಸ್‌ಬಾಲ್ ಹುಚ್ಚು. ಬಾಗಿಲಲ್ಲೇ ಅತ್ತೆಯ ಕೈ ಹಿಡಿದುಕೊಂಡಳು. "ಆಂಟಿ, ನಾನ್ ಫೋನ್ ಮಾಡಿ ಚೆಕ್ ಮಾಡಿದೆ. ಆ ಟೀಮ್ ಇನ್ನೂ ಆಡ್ತಿದೆ. ಗಿರಣಿ ಮಾತ್ರ ಕ್ಲೋಸ್ ಆಗಿದೆ. ವಾಲ್ಟರ್ ಅಂತ ಒಬ್ರು ಓಲ್ಡ್ ಸ್ಕೋರರ್ ಇದಾರಂತೆ, ನಾಳೆ ಮಧ್ಯಾಹ್ನ ಗ್ರೌಂಡಲ್ಲೇ ಇರ್ತಾರಂತೆ. ಲೀವ್ ಹಾಕಿದೀನಿ, ನಾನೇ ಡ್ರೈವ್ ಮಾಡ್ತೀನಿ."

"ನಿನಗ್ಯಾಕಮ್ಮ ಈ ಕಷ್ಟ?" ಎಂದರು ಅತ್ತೆ.

"ಸುಮ್ನಿರಿ ಆಂಟಿ. ಆಲ್ಜೀಬ್ರಾ ಪಾಸಾಗಿದ್ದು ನಿಮ್ಮಿಂದ" ಎಂದಳು. ಅವಳೂ ಅತ್ತೆಯ ಕೈಯಲ್ಲಿ ಪೆಟ್ಟು ತಿಂದವಳೇ ಎಂದು ಆಗ ಗೊತ್ತಾಯಿತು.

ಶುಕ್ರವಾರ ನೈರುತ್ಯಕ್ಕೆ ಎರಡು ಗಂಟೆಯ ದಾರಿ. ಕೆಂಪು ಮಣ್ಣು, ತಂಬಾಕಿನ ಹೊಲ, ಬಾಗಿಲು ಹಾಕಿದ ಗಿರಣಿಗಳ ಇಟ್ಟಿಗೆಯ ಗೋಡೆ. ಮೈದಾನ ಚಿಕ್ಕದು, ಮರದ ಮೆಟ್ಟಿಲುಗಳ ಗ್ಯಾಲರಿ. ಟಿಕೆಟ್ಟು ನಾಲ್ಕು ಡಾಲರು. ಗೇಟಿನ ಹತ್ತಿರ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. ಅತ್ತೆ ಬೆರಗಾಗಿ ನಿಂತುಬಿಟ್ಟರು. "ಅಯ್ಯೋ, ಥೇಟ್ ನಮ್ಮ ಕಡಲೆಕಾಯಿ! ಅಮೆರಿಕದವರಿಗೆ ಇಷ್ಟು ಬುದ್ಧಿ ಇದೆಯಾ?" ಎಂದು ದೊಡ್ಡ ಪೊಟ್ಟಣವನ್ನೇ ಕೊಂಡರು.

ವಾಲ್ಟರ್ ಅವರಿಗೆ ಎಂಬತ್ತರ ಹತ್ತಿರ. ಗೇಟಿನ ಒಳಗೆ ಮೇಜು ಹಾಕಿಕೊಂಡು ತಂಡದ ಕ್ಯಾಲೆಂಡರ್ ಹಂಚುತ್ತಿದ್ದರು. ಅಂಥ ಕ್ಯಾಲೆಂಡರನ್ನು ನಾನು ಇನ್ನೆಲ್ಲೂ ನೋಡಿಲ್ಲ. ಪ್ರತಿ ತಾರೀಖಿನ ಚೌಕದಲ್ಲೂ ಆ ದಿನ ತಂಡದ ಚರಿತ್ರೆಯಲ್ಲಿ ನಡೆದದ್ದೊಂದು ಇತ್ತು. ಒಂದು ದಿನ ದೀಪ ಕೆಟ್ಟು, ಪ್ರೇಕ್ಷಕರು ತಮ್ಮ ಕಾರುಗಳನ್ನು ಮೈದಾನದ ಸುತ್ತ ನಿಲ್ಲಿಸಿ ಹೆಡ್‌ಲೈಟಿನಲ್ಲಿ ಆಟ ಮುಗಿಸಿದ್ದರು. ಇನ್ನೊಂದು ದಿನ ಚೆಂಡನ್ನು ನಾಯಿಯೊಂದು ಕಚ್ಚಿಕೊಂಡು ಗಿರಣಿಯೊಳಗೆ ಓಡಿತ್ತು. ಮತ್ತೊಂದು ದಿನ ಮದುಮಗನೊಬ್ಬ ಚರ್ಚಿನಿಂದ ನೇರ ಬಂದು, ಕೋಟು ಬಿಚ್ಚಿಟ್ಟು, ಬ್ಯಾಟು ಹಿಡಿದಿದ್ದ. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದಿದರು. "ಇದು ಇವರ ಪಂಚಾಂಗ ಕಣೇ ನಸ್ರೀನ್" ಎಂದರು. ನನಗೋ ಜೂನ್ ಪುಟ ತಿರುಗಿಸುವ ಅವಸರ.

ಜೂನ್ ಹನ್ನೊಂದರ ಚೌಕದಲ್ಲಿ ಇತ್ತು: "ಹದಿನೇಳು ಇನಿಂಗ್ಸಿನ ಮಹಾ ಗೆಲುವು." ಪಕ್ಕದಲ್ಲಿ ವರ್ಷ. ಕಾಗದ ಬಂದ ವರ್ಷವೇ.

ಅತ್ತೆ ಆ ಚೌಕದ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ. ನಾನು ಗೇಟಿನಾಚೆಯ ಫೋನ್ ಬೂತಿಗೆ ಓಡಿ, ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತಿ, ಲ್ಯಾನ್‌ಹ್ಯಾಮಿನ ದೇವಸ್ಥಾನದ ಶಾಸ್ತ್ರಿಗಳನ್ನು ಹಿಡಿದೆ. ಅವರು ಹಳೆಯ ಪಂಚಾಂಗ ತಿರುವಿ, "ಜ್ಯೇಷ್ಠ ಬಹುಳ ಸಪ್ತಮಿ. ಈ ವರ್ಷ ನಾಳೆಯೇ ಬಿದ್ದಿದೆ. ಬೆಳಿಗ್ಗೆ ಹತ್ತಕ್ಕೆ ಬಂದ್ಬಿಡಿ, ಏನೂ ತಿನ್ನಬೇಡಿ" ಎಂದರು. ಗಂಟೆ ಆಗಲೇ ನಾಲ್ಕೂವರೆ. ಮನೆಗೆ ಏಳು ಗಂಟೆಯ ದಾರಿ.

"ಏಳಿ ಅತ್ತೆ, ಈಗಲೇ ಹೊರಡಬೇಕು" ಎಂದು ಬಂದು ನಿಂತೆ. ಅತ್ತೆ ಎಲ್ಲಿ ಏಳುತ್ತಾರೆ? ಗಿರಣಿಯವರು ಯಾವ ಕಡೆ ಕೂರುತ್ತಿದ್ದರು ಎಂದು ವಾಲ್ಟರ್ ಅವರನ್ನು ಕೇಳಿ, ಅವರು ತೋರಿಸಿದ ಮೆಟ್ಟಿಲಿನ ಮೇಲೆ ಸೆರಗು ಸರಿಮಾಡಿಕೊಂಡು ಕೂತಿದ್ದರು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನೇ ನೋಡುತ್ತಿದ್ದವರು, "ಇವರ ಆಟ ಎಷ್ಟು ಗಂಟೆಗೆ ಶುರುವಾಗತ್ತೆ ಕೇಳು" ಎಂದರು.

ನಸ್ರೀನ್ ಕೇಳಿದಳು. ವಾಲ್ಟರ್ ಹೇಳಿದರು: "ಯಾವಾಗಲೂ ಸಂಜೆ ಏಳಕ್ಕೆ. ಆಗಲೂ ಅಷ್ಟೇ. ಗಿರಣಿ ಬಿಡುವುದೇ ಆರಕ್ಕೆ."

"ಒಂಬತ್ತು ಇನಿಂಗ್ಸಿಗೆ ಎಷ್ಟು ಹೊತ್ತು?" ಎಂದರು ಅತ್ತೆ.

"ಎರಡೂವರೆ ಗಂಟೆಗಿಂತ ಕಡಿಮೆ ಇಲ್ಲ."

ಅತ್ತೆ ಗಾಳಿಯಲ್ಲಿ ಬೆರಳಾಡಿಸಿ ಲೆಕ್ಕ ಹಾಕಿದರು. "ಹಾಗಾದರೆ ಹದಿನೇಳಕ್ಕೆ ಹತ್ತಿರ ಹತ್ತಿರ ಐದು ಗಂಟೆ. ಮುಗಿಯೋ ಹೊತ್ತಿಗೆ ಮಧ್ಯರಾತ್ರಿ ಆಗಿರಬೇಕು. ಮಧ್ಯರಾತ್ರೀಲಿ ಸೀನನ ಕಣ್ಣಿಗೆ ಬಿಸಿಲು ಎಲ್ಲಿಂದ ಬಿತ್ತೋ?"

ನನಗೆ ರೇಗಿತು. "ದುಃಖದಲ್ಲಿ ಏನೋ ಬರೆದಿರ್ತಾನೆ ಬಿಡಿ ಅತ್ತೆ. ದೀಪದ ಬೆಳಕು ಇರಬಹುದು. ತಾರೀಖು ಅಚ್ಚಾಗಿದೆಯಲ್ಲ! ಶಾಸ್ತ್ರಿಗಳು ಕಾಯ್ತಿದಾರೆ."

"ಸಾಯ್ತಿರೋನು ಬಿಸಿಲು ಅಂದಿದಾನೆ. ನೀನು ದೀಪ ಅನ್ನಬೇಡ" ಎಂದರು. ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿರಲಿಲ್ಲ. ಪರ್ಸಿನಿಂದ ಕಾಗದ ತೆಗೆದು ವಾಲ್ಟರ್ ಕೈಗೇ ಕೊಟ್ಟರು.

ಅವರು ನಿಧಾನವಾಗಿ ಓದಿದರು. ಓದಿ ಮುಗಿಸಿದವರೇ ಹಣೆ ಚಚ್ಚಿಕೊಂಡು ಗ್ಯಾಲರಿಯ ಕೆಳಗಿನ ಕೋಣೆಗೆ ಹೋಗಿ, ರಟ್ಟು ಹರಿದ ದಪ್ಪ ಸ್ಕೋರು ಪುಸ್ತಕವೊಂದನ್ನು ತಂದರು. ಅವರದೇ ಅಕ್ಷರ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ನಸ್ರೀನ್ ಓದಿ ಹೇಳಿದಳು. ಹನ್ನೊಂದನೆಯ ತಾರೀಖು ರಾತ್ರಿ ಹತ್ತು ಇನಿಂಗ್ಸ್ ಆದ ಮೇಲೆ ಜಡಿಮಳೆ. ಆಟ ನಿಲ್ಲಿಸಿದರು. ಮರುದಿನ ಮಧ್ಯಾಹ್ನ ಮೂರಕ್ಕೆ ಅದೇ ಆಟ ಮುಂದುವರಿಯಿತು. ಗೆಲುವಿನ ರನ್ ಬಂದದ್ದು ಐದು ಗಂಟೆ ಹತ್ತು ನಿಮಿಷಕ್ಕೆ.

"ನಮ್ಮ ನಿಯಮ ಹಾಗೆ, ಅಮ್ಮ. ನಿಂತ ಆಟ ಯಾವತ್ತು ಮುಗಿದರೂ ಅದು ಶುರುವಾದ ದಿನದ ಲೆಕ್ಕಕ್ಕೇ ಸೇರುತ್ತದೆ" ಎಂದರು ವಾಲ್ಟರ್. ಅವರ ಕಣ್ಣು ತುಂಬಿತ್ತು.

ನನ್ನ ಮುಖ ಹುಳ್ಳಗಾಯಿತು. ಆ ಊರಿನವರ ತಪ್ಪೇನೂ ಇರಲಿಲ್ಲ. ಅಚ್ಚಾದ ತಾರೀಖು ಕಂಡದ್ದೇ ತಡ, ಹಿಂದೆಮುಂದೆ ನೋಡದೆ ಫೋನಿಗೆ ಓಡಿದವನು ನಾನು. ನಸ್ರೀನ್ ಅತ್ತೆಗೆ ವಿಷಯ ಬಿಡಿಸಿ ಹೇಳಿದಳು. ಅತ್ತೆ ನನ್ನ ಕಡೆ ತಿರುಗಿ ಒಂದೇ ಸಮನೆ ಬೈದರು. "ಹನ್ನೊಂದನೇ ತಾರೀಖು ಅವನು ಬದುಕಿದ್ದ ಕಣೋ! ರೇಡಿಯೋ ಕೇಳ್ತಾ ಮಲಗಿದ್ದ. ಮಳೆ ನಿಲ್ಲಲಿ, ನಾಳೆ ಏನಾಗತ್ತೋ ನೋಡೋಣ ಅಂತ ಕಾದಿದ್ದಾನೆ. ಬದುಕಿದ್ದವನಿಗೆ ಪಿಂಡ ಇಡ್ತಿದ್ದೆಯಲ್ಲೋ ನನ್ನ ಕಣ್ಣೆದುರಿಗೆ!" ಬೈಯುತ್ತಲೇ ಅಳತೊಡಗಿದರು. ನಸ್ರೀನ್ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ವಾಲ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಮತ್ತೆ ಬೂತಿಗೆ ಹೋಗಿ ಫೋನ್ ಮಾಡಿದೆ. "ಸಂಜೆ ಐದಾ? ಹಾಗಾದ್ರೆ ಅಷ್ಟಮಿ. ಭಾನುವಾರ ಬನ್ನಿ" ಎಂದರು ಶಾಸ್ತ್ರಿಗಳು. ಅವಸರ ತಪ್ಪಿತು. ಏಳಕ್ಕೆ ಆಟ ಶುರುವಾಯಿತು. ಬೆಳಕಿರುವಷ್ಟು ಹೊತ್ತು ನೋಡಿದೆವು. ಅತ್ತೆ ಕಡಲೆಕಾಯಿ ಬಿಡಿಸುತ್ತಾ, ಯಾರು ಯಾಕೆ ಓಡುತ್ತಿದ್ದಾರೆ, ಬ್ಯಾಟನ್ನು ಯಾಕೆ ಬಿಸಾಡುತ್ತಾರೆ, ವಿಕೆಟ್ಟೇ ಇಲ್ಲದೆ ಔಟಾಗುವುದು ಹೇಗೆ ಎಂದು ನಸ್ರೀನಳ ಪ್ರಾಣ ತಿಂದರು. ಆ ರಾತ್ರಿ ಡರ್ಹಮ್‌ನಲ್ಲೇ ಉಳಿದೆವು.

ಶನಿವಾರ ಐದಕ್ಕೇ ಎದ್ದು ಹೊರಟು ಹನ್ನೊಂದಕ್ಕೆಲ್ಲ ಲ್ಯಾನ್‌ಹ್ಯಾಮ್ ತಲುಪಿದೆವು. ನಾನು ದಣಿದು ಸೋಫಾದ ಮೇಲೆ ಬಿದ್ದವನು ನಿದ್ದೆ ಹೋದೆ. ಒಗ್ಗರಣೆಯ ಘಾಟಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಅತ್ತೆ ಸಣ್ಣ ಈರುಳ್ಳಿಯ ಹುಳಿ ಕುದಿಸುತ್ತಿದ್ದರು.

ಗಾಬರಿಯಾದೆ. "ಅತ್ತೆ! ನಾಳೆ ಶ್ರಾದ್ಧ ಮಾಡೋನು ನಾನು. ಇವತ್ತು ಈರುಳ್ಳಿ ತಿನ್ನಬಹುದಾ?" ನಮ್ಮ ಮನೆಯ ಮಡಿ ಮೈಲಿಗೆಗಳ ಸುಪ್ರೀಂ ಕೋರ್ಟೇ ಅವರು. ತಿಥಿ ಒಂದು ದಿನ ಆಚೀಚೆ ಆದದ್ದಕ್ಕೆ ಊರೆಲ್ಲ ಕೇಳುವಂತೆ ಬೈದವರು.

"ಸೀನನಿಗೆ ಈರುಳ್ಳಿ ಹುಳಿ ಅಂದ್ರೆ ಜೀವ. ನಮ್ಮಪ್ಪನ ಕಾಲದಲ್ಲಿ ಮನೆಯೊಳಗೆ ಈರುಳ್ಳಿ ಬರೋ ಹಾಗಿರಲಿಲ್ಲ. ಹಿತ್ತಲಲ್ಲಿ ಕಲ್ಲು ಹೂಡಿ ನಾನೇ ಮಾಡಿ ಬಡಿಸ್ತಿದ್ದೆ" ಎಂದರು. ಎರಡು ತಟ್ಟೆ ಇಟ್ಟರು. ಒಂದು ಕ್ಷಣ ನಿಂತು, ಮೂರನೆಯದನ್ನೂ ತಂದಿಟ್ಟು, ಮೂರಕ್ಕೂ ಅನ್ನ ಬಡಿಸಿ, ಮೇಲೆ ಹುಳಿ ಸುರಿದರು. ಕಣ್ಣೊರೆಸಿಕೊಂಡರು, ಈರುಳ್ಳಿಗೋ ಏನೋ ಗೊತ್ತಿಲ್ಲ.

"ನಾಳೆ ಅಳೋಣ ಕಣೋ, ಎಲ್ಲಾ ಶಾಸ್ತ್ರವಾಗಿ ಮಾಡೋಣ. ಇವತ್ತು ಸಪ್ತಮಿ. ಇವತ್ತು ಸೀನ ಇದ್ದಾನೆ. ಆರಿಹೋಗತ್ತೆ, ಬಾ, ಊಟ ಮಾಡು."