ಪಿಂಜಾರ ಅಲ್ಲಾಬಕ್ಷನ ಬಗ್ದಾದು

ತನ್ನಷ್ಟು ದೊಡ್ಡ ಪೆದ್ದ ದಾವಣಗೆರೆ ತಾಲ್ಲೂಕಿನಲ್ಲೇ ಇಲ್ಲ ಎಂದು ಪಿಂಜಾರ ಅಲ್ಲಾಬಕ್ಷ್ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ. ಬೇರೆ ಯಾರಾದರೂ ಆ ಪಟ್ಟಕ್ಕೆ ಕೈ ಹಾಕಿದರೆ ಜಗಳಕ್ಕೇ ಬರುತ್ತಿದ್ದ. ಮಂಡಿಪೇಟೆಯ ಜಗುಲಿಯೊಂದರಲ್ಲಿ ಬಿಲ್ಲು ಮೀಟಿ ಹತ್ತಿ ಹಿಂಜಿ, ಸಾಹುಕಾರರಿಗೆಲ್ಲ ಗಾದಿ ಹೊಲಿದುಕೊಟ್ಟು, ತಾನು ಮಾತ್ರ ಚಾಪೆಯ ಮೇಲೆ ಮಲಗುವ ಜಾಣತನ ಇನ್ಯಾರಿಗೆ ಬಂದೀತು ಎನ್ನುತ್ತಿದ್ದ. ಆದರೆ ತನ್ನ ಪೆದ್ದತನಕ್ಕೆ ಅವನು ಕೊಡುತ್ತಿದ್ದ ಅಸಲಿ ಸಾಕ್ಷಿ ಎರಡು ಪುಸ್ತಕಗಳದ್ದು.

೧೯೫೬ರಲ್ಲಿ ಹರಿಹರದ ಓಬಕ್ಕ ಎಂಬ ಮುದುಕಿಯ ಮನೆಗೆ ಹಳೇ ಗಾದಿ ಬಿಚ್ಚಿ ಹಿಂಜಿಕೊಡಲು ಹೋಗಿದ್ದ. ಅವಳ ಗಂಡ ಯಾವ ಕಾಲದಲ್ಲೋ ಹರಾಜಿನಲ್ಲಿ ಹಿಡಿದ ಮರದ ಪೆಟ್ಟಿಗೆಯ ತಳದಲ್ಲಿ ತೊಗಲಿನ ರಟ್ಟಿನ ಎರಡು ದಪ್ಪ ಪುಸ್ತಕಗಳಿದ್ದವು. ಒಳಗೆಲ್ಲ ಅರಬ್ಬಿ ಅಕ್ಷರ.

“ನಿಮ್ಮ ದೇವರ ಪುಸ್ತಕ ಇರಬೇಕು, ತಗೊಂಡ್ಹೋಗಪ್ಪ. ರದ್ದಿಗೆ ಹಾಕಿದ್ರೆ ನನಗ ಒಳ್ಳೇದಾಗಂಗಿಲ್ಲ,” ಅಂದಳು ಓಬಕ್ಕ.

ಅಲ್ಲಾಬಕ್ಷ್ ಕೈಕಾಲು ತೊಳೆದು, ತಲೆಗೆ ಟವೆಲು ಸುತ್ತಿ, ಪುಸ್ತಕಗಳನ್ನು ತಲೆಯ ಮೇಲೆ ಹೊತ್ತ. ರೈಲಿನಲ್ಲಿ ಜಾಗವಿದ್ದರೂ ಕೂರದೆ ದಾವಣಗೆರೆಯವರೆಗೆ ನಿಂತೇ ಬಂದ.

ಅದು ಕುರಾನ್ ಅಲ್ಲ ಎಂಬುದು ಅವನಿಗೂ ಗೊತ್ತಾಯಿತು. ಆದರೆ ಎಲ್ಲಿ ತೆರೆದರೂ ಅಲ್ಲಾಹನ ಹೆಸರು ಕಾಣುತ್ತಿದ್ದುದರಿಂದ, ಯಾರೋ ಹಿರಿಯ ಸಂತರು ಬರೆದ ಪ್ರಾರ್ಥನೆಗಳೇ ಸರಿ ಎಂದು ತೀರ್ಮಾನಿಸಿದ. ಚಿಕ್ಕಂದಿನಲ್ಲಿ ಮಸೀದಿಯಲ್ಲಿ ಅಕ್ಷರ ಕೂಡಿಸಿ ಓದಲು ಕಲಿತಿದ್ದ; ಅರ್ಥ ಕಲಿತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕುರಾನಿನಲ್ಲಿರುವ ಸ್ವರದ ಗುರುತುಗಳು ಇಲ್ಲಿರಲಿಲ್ಲ. ಅದಕ್ಕೇನಂತೆ, ಸಾರಿಗೆ ಉಪ್ಪು ಹಾಕುವ ಹಾಗೆ ಅಂದಾಜಿನ ಮೇಲೆ ತಾನೇ ಹಾಕಿಕೊಂಡು ಓದಿದ.

ಓದಿದ್ದು ತಾಯಿ ಇಮಾಂಬೀಗಾಗಿ. ಮೊದಲು ಗಂಡನ ಜೊತೆ, ಆಮೇಲೆ ಮಗನ ಜೊತೆ ಕೂತು ಆಯುಷ್ಯವೆಲ್ಲ ಹತ್ತಿಯ ಧೂಳು ಕುಡಿದವಳು ಅವಳು. ಸಂಜೆಯಾದರೆ ಉಬ್ಬಸ ಏಳುತ್ತಿತ್ತು. ಮಗ ಊದುಕಡ್ಡಿ ಹಚ್ಚಿ, ಒಂದು ಪುಟ ಓದಿ, ನೀರಿನ ಮೇಲೆ ಊದಿ ಕುಡಿಸುತ್ತಿದ್ದ. ಉಸಿರು ಸಲೀಸಾಗುತ್ತಿತ್ತು. ಗುಣ ಆ ಪುಟದಲ್ಲೇ ಇದೆ ಎಂದು ದಿನಾ ಅದನ್ನೇ ಓದಿ ಓದಿ ಬಾಯಿಪಾಠವಾಯಿತು. ಸುದ್ದಿ ಹಬ್ಬಿ, ಅಳುವ ಕೂಸುಗಳನ್ನು ಎತ್ತಿಕೊಂಡು ಜನ ಬಂದರು. ನಿಟ್ಟುವಳ್ಳಿಯ ರೈತ ಗೋಣೆಪ್ಪ ಹಾಲು ಬಿಡದ ಎಮ್ಮೆಯನ್ನೇ ಹೊಡೆದುಕೊಂಡು ಬಂದ. ಎಮ್ಮೆ ಮರುದಿನ ಹಾಲು ಬಿಟ್ಟಿತು. ಅಲ್ಲಾಬಕ್ಷನ ನಡಿಗೆಯೇ ಬದಲಾಯಿತು, ಗಡ್ಡಕ್ಕೆ ಅತ್ತರು ಬಿತ್ತು.

ಹೀಗೆ ಏಳು ವರ್ಷ ಮೆರೆದ ಮೇಲೆ, ಹೈದರಾಬಾದಿನ ಕಾಲೇಜಿನಲ್ಲಿ ಅರಬ್ಬಿ ಕಲಿಸುತ್ತಿದ್ದ ಹರಿಹರದ ಹಿದಾಯತ್, ತಂಗಿಯ ಮದುವೆಗೆ ಗಾದಿ ಮಾಡಿಸಲು ಬಂದ. ಓದಿದವರ ಮುಂದೆ ಜಂಬ ತೋರಿಸದಿದ್ದರೆ ಅಲ್ಲಾಬಕ್ಷನಿಗೆ ಊಟ ಸೇರೀತೇ? ಪುಸ್ತಕಗಳನ್ನು ಇಳಿಸಿದ. ಹಿದಾಯತ್ ಮೊದಲ ಪುಟ ತಿರುವಿದವನೇ ಕೂಗಿದ.

“ಅಬ್ಬಾಸಿ ಖಲೀಫರ ಚರಿತ್ರೆ! ಹಾಲೆಂಡಿನಾಗ ಅಚ್ಚಾಗಿದ್ದು, ನೂರು ವರ್ಷ ಆಗ್ತಾ ಬಂತು. ದೊಡ್ಡ ಲೈಬ್ರರಿಗಳಲ್ಲೇ ಹುಡುಕಿದ್ರೂ ಸಿಗಂಗಿಲ್ಲ ಇದು!”

“ಚರಿತ್ರೆ ಅಂದ್ರ?”

“ಬಗ್ದಾದಿನ ದೊರೆಗಳ ಕತಿ. ಯಾರು ಯಾರನ್ನ ಕೊಂದ್ರು, ಯಾರು ಪಟ್ಟಕ್ಕೆ ಬಂದ್ರು.”

ಅಲ್ಲಾಬಕ್ಷ್, ಬೆರಳು ತಾಗಿ ತಾಗಿ ಕಪ್ಪಾದ ಆ ಪುಟ ತೆಗೆದ. “ಇಲ್ಲೇನೈತೆ?”

“ಅಣ್ಣತಮ್ಮಂದಿರ ಯುದ್ಧ. ಸೈನ್ಯ ಸೋತಿತು ಅಂತ ದೂತ ಓಡಿ ಬರ್ತಾನೆ. ಖಲೀಫ ಮೀನು ಹಿಡೀತಾ ಕುಂತಾನೆ. ಸುಮ್ಮನಿರಯ್ಯ, ನನ್ನ ಸೇವಕ ಆಗ್ಲೇ ಎರಡು ಹಿಡಿದ, ನನಗಿನ್ನೂ ಒಂದೂ ಸಿಕ್ಕಿಲ್ಲ ಅಂತಾನೆ.”

ಅಲ್ಲಾಬಕ್ಷನ ಕಣ್ಣ ಮುಂದೆ ಗೋಣೆಪ್ಪನ ಎಮ್ಮೆ ಬಂದು ನಿಂತಿತು. ಮೊದಲು ನಕ್ಕ, ಆಮೇಲೆ ಬೆವೆತ. “ಲೈಬ್ರರಿಗೇ ಒಯ್ದುಬಿಡ್ರಿ. ಇದು ಮನ್ಯಾಗಿದ್ರೆ ನನ್ನ ಮಾನ ಉಳಿಯಂಗಿಲ್ಲ,” ಎಂದು ಎರಡನ್ನೂ ಹಿದಾಯತನ ಕೈಗಿಟ್ಟ. ಊರಿನವರು ನಕ್ಕರೆ ತಾನೂ ಸೇರಿ ನಗಬಹುದು. ಆದರೆ ಅವ್ವ? ಅವಳ ಉಸಿರು ನಡೆಯುತ್ತಿದ್ದುದೇ ಆ ನಂಬಿಕೆಯ ಮೇಲೆ.

ಆ ಸಂಜೆ ಕುರಾನಿನ ಚಿಕ್ಕ ಅಧ್ಯಾಯವೊಂದನ್ನು ಓದಿದ. “ಇದು ನನಗೂ ಬರ್ತೈತೆ. ಅದನ್ನ ಓದು,” ಅಂದಳು ಇಮಾಂಬೀ. ಸುಳ್ಳು ಹೇಳಲು ಬಾಯಿ ಬರದೆ ಇದ್ದದ್ದೆಲ್ಲ ಹೇಳಿಬಿಟ್ಟ.

“ಏಳು ವರ್ಸ ತಲಿಮ್ಯಾಲೆ ಸೆರಗು ಹೊದ್ದು ಮೀನಿನ ಕತಿ ಕೇಳಿದ್ನೇನೋ, ಹುಚ್ಚಪ್ಪ!”

ಗೋಡೆಯ ಕಡೆ ತಿರುಗಿ ಮಲಗಿದಳು. ಮಾತು ಬಿಟ್ಟಳು, ಅವನು ಕೊಟ್ಟ ನೀರೂ ಬೇಡವಾಯಿತು. ಡಾಕ್ಟರ ಸೂಜಿಗೂ ಉಬ್ಬಸ ಬಗ್ಗಲಿಲ್ಲ. ಪೇಟೆಯಲ್ಲಿ ತನ್ನ ಕತೆ ತಾನೇ ಹೇಳಿ ಜನರನ್ನು ನಗಿಸುತ್ತಿದ್ದವನು ಮನೆಯ ಹೊಸ್ತಿಲು ದಾಟಲು ಹೆದರುತ್ತಿದ್ದ. ಒಂದು ಶುಕ್ರವಾರ ಸಂಜೆ ಅವಳ ತುಟಿಗಳು ನೀಲಿಯಾದವು. ಅವ್ವ ಉಳಿಯುವುದಿಲ್ಲ ಎಂದು ಅವನಿಗೆ ಅಳುವೇ ಬಂತು. ಅವಳು ಕೈಸನ್ನೆ ಮಾಡಿ ಕರೆದಳು.

“ಓದು.”

“ಏನು ಓದ್ಲವ್ವ?”

“ಆ ಮೀನಿಂದು.”

“ಕಿತಾಬು ಹೋತಲ್ಲವ್ವ.”

“ಬಾಯಾಗ ಐತಲ್ಲೋ.”

ಓದಿದ. ರಾಜ್ಯ ಕೈಬಿಟ್ಟು ಹೋಗುತ್ತಿದ್ದರೂ ನೀರು ನೋಡುತ್ತ ಕೂತ ಆ ಖಲೀಫ ತನ್ನಂಥ ಪೆದ್ದನೇ ಅನ್ನಿಸಿ, ಅವನ ಮೇಲೆ ಅಂತಃಕರಣ ಉಕ್ಕಿತು. ಇಮಾಂಬೀ ಕಣ್ಣು ಮುಚ್ಚಿಕೊಂಡೇ ಕೇಳಿದಳು:

“ಇವತ್ತಾದ್ರೂ ಸಿಕ್ತೇನೋ ಅವನಿಗೆ?”

ಪುಟದಲ್ಲಿ ಹಾಗೇನೂ ಇರಲಿಲ್ಲ.

“ಸಿಕ್ತವ್ವ,” ಅಂದ ಅಲ್ಲಾಬಕ್ಷ್. “ದೊಡ್ಡದೇ ಸಿಕ್ತು.”

ಅವಳು ನೀರಿಗೆ ಕೈ ಚಾಚಿದಳು.