ಸಾಕ್ಷಿ ಮೇಸ್ತ್ರಿಯ ಆಕಾಶ

ನಮ್ಮ ಆಸ್ಪತ್ರೆಯ ಲಾಂಡ್ರಿ ಮೇಸ್ತ್ರಿ ಮಹಾ ಜಗಳಗಂಟ. ಹನ್ನೊಂದು ವರ್ಷ ನಾನು ಅವನ ಕೆಲಸ ನೋಡಿದ್ದೇನೆ. ‘ತಪ್ಪು ನನ್ನದು’ ಎಂಬ ಮಾತು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನ ಬಾಯಿಂದ ಹೊರಬಿದ್ದಿರಲಿಲ್ಲ. ಬೆಡ್‌ಶೀಟ್ ಹರಿದರೆ ವಾರ್ಡಿನವರು ಎಳೆದಾಡಿದ್ದು, ಕಲೆ ಉಳಿದರೆ ಸೋಪಿನ ಪುಡಿ ಕಳಪೆ, ತಡವಾದರೆ ಲಿಫ್ಟಿನ ದೋಷ. ಒಮ್ಮೆ ಬಿಸಿನೀರನ್ನು ತನ್ನ ಕಾಲ ಮೇಲೆ ತಾನೇ ಚೆಲ್ಲಿಕೊಂಡು ಮುಲಾಮಿಗೆ ನನ್ನ ಬಳಿ ಬಂದ. ಹೇಗಾಯಿತು ಎಂದು ಕೇಳಿದರೆ, “ಆ ಬಕೆಟ್ಟಿಗೆ ಬುದ್ಧಿ ಇಲ್ಲ ಡಾಕ್ಟ್ರಮ್ಮ” ಎಂದ.

ಆಸ್ಪತ್ರೆಯ ಸ್ವಚ್ಛತೆಯ ಹೊಣೆ ನನ್ನದಾಗಿತ್ತು. ಹಾಗಾಗಿ ಲಾಂಡ್ರಿಯ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಅವನು ಫೋಟೊ ತೆಗೆಯಲು ಕಲಿತದ್ದೂ ಅಂಥದೊಂದು ದೂರಿನಿಂದಲೇ. ದಿನಕ್ಕೆ ಮುನ್ನೂರು ಚಿಲ್ಲರೆ ಶೀಟುಗಳು ನಾಲ್ಕು ಮಹಡಿಯ ಮೇಲಿನ ತಾರಸಿಯಲ್ಲಿ ಹಗ್ಗದ ಮೇಲೆ ಒಣಗಬೇಕು. ಮಳೆ ಬರುವಂತಿದ್ದರೆ ನೆಲಮಾಳಿಗೆಯ ಎರಡು ಮೆಷಿನ್ನುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಒಣಗಿಸಬೇಕು. ಆಗ ಅವು ವಾರ್ಡಿಗೆ ತಲುಪುವುದು ಮಧ್ಯಾಹ್ನ ದಾಟಿದ ಮೇಲೆ. ಹಾಗೆ ತಡವಾಗಿ, ಮಳೆಯೂ ಬಾರದೆ ಹೋದ ಒಂದು ದಿನ ಹೆಡ್ ನರ್ಸ್, “ಎಲ್ಲಿತ್ತು ರೀ ಮೋಡ? ನಿಮ್ಮ ತಲೆಯೊಳಗಾ?” ಎಂದು ನಾಲ್ಕು ಜನರ ಮುಂದೆ ಕೇಳಿಬಿಟ್ಟಳು. ಮರುದಿನ ಬೆಳಿಗ್ಗೆ ಆರೂ ನಲವತ್ತಕ್ಕೆ ಮೇಸ್ತ್ರಿ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತು ಪಶ್ಚಿಮದ ಆಕಾಶದ ಫೋಟೊ ತೆಗೆದ. ನೇರ ನನ್ನ ಕೋಣೆಗೆ ಬಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ.

“ಸಾಕ್ಷಿ” ಎಂದ.

ಅಂದಿನಿಂದ ಅವನಿಗೆ ಸಾಕ್ಷಿ ಮೇಸ್ತ್ರಿ ಎಂದೇ ಹೆಸರು ಬಿತ್ತು.

ಫೋಟೊ ತೆಗೆಯಲು ಬಂತೇ ಹೊರತು ಆಕಾಶ ಓದಲು ಅವನಿಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದದ್ದು, ಲಾಂಡ್ರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ಹೆಂಗಸಿಗೆ. ಇಪ್ಪತ್ತಾರು ವರ್ಷ ತಾರಸಿಯಲ್ಲಿ ಬಟ್ಟೆ ಒಣಹಾಕಿದವಳು. ಮಂಡಿ ಕೈಕೊಟ್ಟ ಮೇಲೆ ಮೆಟ್ಟಿಲು ಹತ್ತಲಾಗದೆ ನೆಲಮಾಳಿಗೆಯ ಮಡಿಸುವ ಕೋಣೆಗೆ ಬಂದಳು. ಅಲ್ಲಿ ಕಿಟಕಿ ಇಲ್ಲ. ಆಕೆಯ ಮನೆಗೆ ಇರುವುದೂ ಒಂದೇ ಕಿಟಕಿ. ತೆರೆದರೆ ಪಕ್ಕದ ಮನೆಯ ಗೋಡೆ. ತಾರಸಿ ಹತ್ತುವುದು ನಿಂತಾಗ ಆಕೆಯ ಪಾಲಿನ ಆಕಾಶವೂ ಅಲ್ಲಿಗೆ ನಿಂತಿತ್ತು.

ಮೇಸ್ತ್ರಿ ಮೊದಲ ಸಲ ಫೋನು ತೋರಿಸಿದಾಗ ಆಕೆ ಬೈದಳಂತೆ. “ಏನೋ ಇದು, ಆಕಾಶದ ಹಣೆ ಮಾತ್ರ ತೆಗೆದಿದ್ದೀಯ? ಕಾಲು ತೆಗಿ, ಕಾಲು. ಮಳೆ ಬರೋದು ಕಾಲಿನ ಕಡೆಯಿಂದ. ಬೇಕರಿ ಹೊಗೆ ಎತ್ತ ವಾಲಿದೆ? ಪಾರಿವಾಳ ಟ್ಯಾಂಕಿನ ಮೇಲಿದ್ವಾ, ನೆರಳಲ್ಲಿದ್ವಾ? ಹಗ್ಗ ಎಲ್ಲಿ?”

ಹಗ್ಗವೇ ಮುಖ್ಯ. ತಾರಸಿಯದು ದಪ್ಪ ನೂಲಿನ ಹಗ್ಗ. ಗಾಳಿಯಲ್ಲಿ ತೇವ ಏರಿದರೆ ನೂಲು ಉಬ್ಬಿ ಹಗ್ಗ ಬಿಗಿಯುತ್ತದೆ. ಒಣ ಹವೆಯಲ್ಲಿ ಸಡಿಲವಾಗಿ ಜೋಲುತ್ತದೆ. ಮೊದಲೆಲ್ಲ ಆಕೆ ಬೆರಳಿನಿಂದ ಮೀಟಿ ತಿಳಿಯುತ್ತಿದ್ದದ್ದನ್ನು ಈಗ ಫೋಟೊದಲ್ಲಿ ಹಗ್ಗದ ಜೋಲು ನೋಡಿ ಹೇಳತೊಡಗಿದಳು. ಹೆಬ್ಬೆರಳು ಎತ್ತಿದರೆ ಹಾಕು ಎಂದು, ಅಂಗೈ ಚಾಚಿದರೆ ಬೇಡ ಎಂದು. ಮೇಸ್ತ್ರಿ ಆ ಕೈಯ ಫೋಟೊವನ್ನೂ ತೆಗೆದಿಟ್ಟುಕೊಳ್ಳುತ್ತಿದ್ದ. ಹೇಳಿದ್ದು ಯಾರು ಎಂಬುದಕ್ಕೆ ಸಾಕ್ಷಿ ಬೇಡವೇ?

“ನನ್ನ ಕೈಗೇನು ಮದುವೇನಾ, ದಿನಾ ಫೋಟೊ ತೆಗೀತೀಯ?”

“ನಾಳೆ ಬಟ್ಟೆ ನೆಂದ್ರೆ ನಾನು ಹೇಳೇ ಇಲ್ಲ ಅಂತೀಯ ನೀನು. ನಿನ್ನ ನಂಬಕ್ಕಾಗುತ್ತಾ?”

ನಾಲ್ಕು ವರ್ಷ ಹೀಗೆ ನಡೆಯಿತು. ಬರಬರುತ್ತಾ ಅವನ ಫೋನಿನಲ್ಲಿ ಯಾವ ದೂರಿಗೂ ಬೇಕಿಲ್ಲದ ಚಿತ್ರಗಳು ಸೇರಿಕೊಂಡವು. ಬೇಸಿಗೆಯ ಕೊನೆಗೆ ಧೂಳೆದ್ದು ಬೆಳಗಿನ ಬಿಸಿಲೇ ಹಳದಿಗಟ್ಟಿದ್ದು. ಮೊದಲ ಮಳೆಯ ಹನಿಗಳು ಸಿಮೆಂಟಿನ ನೆಲದ ಮೇಲೆ, ಒಂದೊಂದೂ ನಾಣ್ಯದಗಲ. ಚಳಿಗಾಲದಲ್ಲಿ ಎದುರಿನ ಕಟ್ಟಡವೆಲ್ಲ ಮಂಜಿನಲ್ಲಿ ಕರಗಿ ಮೂರನೇ ಮಹಡಿಯ ಒಂದು ದೀಪ ಮಾತ್ರ ಉಳಿದದ್ದು. ಹಗ್ಗದ ಕೆಳಗೆ ಸಾಲಾಗಿ ತೂಗುವ ನೀರು, ಪ್ರತಿ ಹನಿಯಲ್ಲೂ ತಲೆಕೆಳಗಾದ ಟ್ಯಾಂಕು. ಇದು ಯಾವುದಕ್ಕೆ ಸಾಕ್ಷಿ ಎಂದು ಒಮ್ಮೆ ಗದರಿಸಿದೆ.

“ಇರಲಿ ಡಾಕ್ಟ್ರಮ್ಮ, ಮುಂದೆ ಬೇಕಾಗಬಹುದು” ಎಂದ, ಮುಖ ಗಂಟಿಕ್ಕಿಕೊಂಡೇ.

ಅದು ಬೇಕಾಗುತ್ತಿದ್ದದ್ದು ಎಲ್ಲಿ ಎಂದು ನನಗೂ ಗೊತ್ತಿತ್ತು. ಬೆಳಿಗ್ಗೆ ಏಳಕ್ಕೆ ಮಡಿಸುವ ಕೋಣೆಯ ಮುಂದೆ ಹಾದು ಹೋದರೆ ಸಾಕು, ಜಗಳ ಕೇಳುತ್ತಿತ್ತು.

“ಇವತ್ತಿನ ಮೋಡ ನೋಡೋ, ಹಿಂಜಿದ ಹತ್ತಿ ಹಾಗಿದೆ.”

“ನಿನ್ನೆ ಇದಕ್ಕಿಂತ ಚೆನ್ನಾಗಿತ್ತು.”

“ಯಾಕೋ ತೋರಿಸಲಿಲ್ಲ?”

“ನಿನ್ನೆ ರಜ ಹಾಕಿದ್ದು ಯಾರು? ಮೋಡ ನಿನಗೋಸ್ಕರ ಕಾಯ್ಕೊಂಡು ಕೂತಿರುತ್ತಾ?”

“ಎತ್ತಿಟ್ಟಿಲ್ವಾ ಹಾಗಾದ್ರೆ?”

“ಎತ್ತಿಡದೆ ಏನು ಮಾಡಲಿ, ಗೊಣಗ್ತೀಯಲ್ಲ. ತಗೋ, ನೋಡು.”

ನಾಲ್ಕನೆಯ ವರ್ಷ ಹೊಸ ಆಡಳಿತಾಧಿಕಾರಿ ಬಂದರು. ಮಡಿಸುವ ಕೋಣೆಗೆ ಇಬ್ಬರು ಸಾಕು, ಮೂವರೇಕೆ ಎಂಬುದು ಅವರ ಪ್ರಶ್ನೆ. ಮೂರನೆಯವಳು ದೊಡ್ಡಮ್ಮ. ಆಕೆಯ ಅಂದಾಜು ಲಾಂಡ್ರಿಗೆ ಬೇಕು ಎಂದು ನಾನು ವಿವರಿಸಿದೆ. “ಆಕಾಶ ನೋಡೋಕೆ ನೆಲಮಾಳಿಗೇಲಿ ಒಬ್ರಾ ಮೇಡಂ?” ಎಂದು ನಕ್ಕರು. ನಗುವಂಥ ವಿಷಯವೇ, ಆದರೂ ನಾನು ನಗಲಿಲ್ಲ. ಕೊನೆಗೆ ಮೇಸ್ತ್ರಿಯ ಎದುರಿಗೆ, ದೊಡ್ಡಮ್ಮನ ಎದುರಿಗೆ ಒಂದು ಮಾತು ಹೇಳಿಹೋದರು: “ಸರಿ, ಇರಲಿ. ಆದರೆ ಈಯಮ್ಮನ ಮಾತು ಕೇಳಿ ಒಂದೇ ಒಂದು ದಿನ ಬಟ್ಟೆ ನೆಂದರೂ ಅವತ್ತೇ ಮನೆಗೆ.”

“ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತೀನಿ ಬಿಡಿ” ಎಂದಳು ದೊಡ್ಡಮ್ಮ. ಮಡಿಸುತ್ತಿದ್ದ ಇನ್ನಿಬ್ಬರೂ ನಕ್ಕರು. ಅಧಿಕಾರಿ ಹೋದ ಮೇಲೆ ಆಕೆ ಒಂದೇ ಶೀಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಮಳೆಗಾಲ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದ ವಾರದ ಸೋಮವಾರ. ಬೆಳಿಗ್ಗೆ ಏಳಕ್ಕೆ ನಾನು ಕಪಾಟುಗಳ ತಪಾಸಣೆಗೆಂದು ಮಡಿಸುವ ಕೋಣೆಯ ಮೂಲೆಯಲ್ಲಿದ್ದೆ. ಮಡಿಸುವ ಇನ್ನಿಬ್ಬರು ಇನ್ನೂ ಬಂದಿರಲಿಲ್ಲ. ಮೇಸ್ತ್ರಿ ಫೋನು ಹಿಡಿದು ಬಂದ. ಆಕೆ ಕನ್ನಡಕ ಏರಿಸಿ ನೋಡಿದಳು.

“ಕೆಳಗೆ ಕಪ್ಪಿದೆಯಲ್ಲ ದೊಡ್ಡಮ್ಮ?”

“ಅದು ಹೋಗೋ ಮೋಡ ಕಣೋ. ಹಗ್ಗ ನೋಡು, ಹೊಟ್ಟೆ ಬಿಟ್ಕೊಂಡು ಹೇಗೆ ಮಲಗಿದೆ. ಹಾಕು, ಹಾಕು.” ಹೆಬ್ಬೆರಳು ಎತ್ತಿದಳು. ಫೋನು ಕ್ಲಿಕ್ ಎಂದಿತು.

ಒಂಬತ್ತೂವರೆಗೆ ಮಳೆ ಬಿತ್ತು. ತುಂತುರಲ್ಲ; ಕೊಡದಲ್ಲಿ ಸುರಿದಂತೆ. ತಾರಸಿಗೆ ಓಡಿದ ಹೆಂಗಸರು ತೆಗೆದುಕೊಂಡು ಬಂದದ್ದು ಒದ್ದೆ ಮುದ್ದೆಗಳನ್ನು. ಎಲ್ಲವನ್ನೂ ಮತ್ತೆ ತೊಳೆಯಬೇಕು. ಎರಡು ವಾರ್ಡುಗಳಲ್ಲಿ ರೋಗಿಗಳನ್ನು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿಸಿದರು.

ಮಳೆ ನಿಂತ ಮೇಲೆ ನಾನು ತಾರಸಿಗೆ ಹತ್ತಿದೆ. ಇಪ್ಪತ್ತಾರು ವರ್ಷದ ಅನುಭವ ಸುಮ್ಮನೆ ತಪ್ಪುವುದಿಲ್ಲ. ಒಂದು ಹಗ್ಗವನ್ನು ಬೆರಳಿನಿಂದ ಮೀಟಿದೆ. ಅಷ್ಟು ಮಳೆಯಲ್ಲಿ ನೆನೆದ ಮೇಲೂ ಅದು ಜೋಲುತ್ತಲೇ ಇತ್ತು. ನೈಲಾನ್. ಹಿಂದಿನ ದಿನ, ಭಾನುವಾರ, ರಿಪೇರಿ ವಿಭಾಗದವರು ಬಂದು ಹಳೆಯ ಹಗ್ಗಗಳನ್ನೆಲ್ಲ ಬಿಚ್ಚಿ ಹೊಸದು ಕಟ್ಟಿ ಹೋಗಿದ್ದರು, ಯಾರಿಗೂ ಹೇಳಿರಲಿಲ್ಲ. ನೈಲಾನಿಗೆ ತೇವವೂ ಒಂದೇ, ಒಣ ಹವೆಯೂ ಒಂದೇ. ಬಣ್ಣವೂ ಹಳೆಯದರಂತೆ ಬಿಳಿ. ಫೋಟೊದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಆಡಳಿತಾಧಿಕಾರಿಯ ಷರತ್ತಿನಲ್ಲಿ ಹಗ್ಗದ ಲೆಕ್ಕ ಇರಲಿಲ್ಲ; ಆಕೆಯ ಮಾತು ಕೇಳಿ ಬಟ್ಟೆ ನೆಂದರೆ ಮನೆಗೆ.

ನನ್ನ ಹಿಂದೆಯೇ ಮೇಸ್ತ್ರಿ ಬಂದಿದ್ದ. ಅವನೂ ಮೀಟಿ ನೋಡಿದ. ರಿಪೇರಿಯವರ ವಂಶವನ್ನೇ ಜಾಲಾಡುತ್ತಾನೆ ಎಂದು ಕಾದೆ.

“ಬೆಳಿಗ್ಗೆ ಇದರ ಪಕ್ಕದಲ್ಲೇ ನಿಂತಿದ್ದೆ ಡಾಕ್ಟ್ರಮ್ಮ” ಎಂದ, ಅಷ್ಟೇ. ಆಮೇಲೆ ಫೋನು ತೆಗೆದು ನನಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತ. ಹಗ್ಗದ ಫೋಟೊ ತೆಗೆಯುತ್ತಿದ್ದಾನೆ, ಇನ್ನು ಮೂರು ಪುಟದ ದೂರು ಬರುತ್ತದೆ ಎಂದುಕೊಂಡು ನಾನು ಇಳಿದೆ.

ಹನ್ನೆರಡಕ್ಕೆ ಆಡಳಿತಾಧಿಕಾರಿ ನಮ್ಮನ್ನು ಕರೆಸಿದರು. ಮೇಜಿನ ಮೇಲೆ ಲಾಂಡ್ರಿಯ ರಿಜಿಸ್ಟರ್ ಇತ್ತು. ದೊಡ್ಡಮ್ಮನನ್ನೂ ಕರೆಸಿದ್ದರು. ಆಕೆ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ನೋಯುವ ಕಾಲನ್ನು ಸ್ವಲ್ಪ ಎತ್ತಿಕೊಂಡು ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿಯ ಚೀಲವೂ ಇತ್ತು. ಹೊರಡಲು ಸಿದ್ಧವಾಗಿಯೇ ಬಂದಿದ್ದಳು.

“ಬಟ್ಟೆ ಹಾಕಿ ಅಂದಿದ್ದು ಯಾರು? ಈಯಮ್ಮ ತಾನೆ? ದಿನಾ ಅವರ ಕೈ ಫೋಟೊ ತೆಗೀತೀರಂತಲ್ಲ ಮೇಸ್ತ್ರಿ, ತೋರಿಸಿ.”

ಮೇಸ್ತ್ರಿ ತಕರಾರಿಲ್ಲದೆ ಫೋನು ಕೊಟ್ಟ. ಅಧಿಕಾರಿ ಬೆರಳಾಡಿಸಿದರು. ನಾನು ಕೂತಲ್ಲಿಂದ ಕಾಣುತ್ತಿತ್ತು. ಆಕಾಶ, ಕೈ. ಆಕಾಶ, ಕೈ. ಮಂಜಿನ ಬೆಳಗು, ಚಾಚಿದ ಅಂಗೈ. ಬಿಸಿಲು, ಎತ್ತಿದ ಹೆಬ್ಬೆರಳು. ಅವರು ಮತ್ತೆ ಕೊನೆಗೆ ಬಂದರು. ಅಲ್ಲಿ ಆಕಾಶ ಮಾತ್ರ ಇತ್ತು.

“ಇವತ್ತಿನ ಕೈ ಎಲ್ಲಿ?”

“ಇಲ್ಲ ಸಾರ್. ಇವತ್ತು ಕೇಳಲಿಲ್ಲ.”

“ಕೇಳಲಿಲ್ಲ ಅಂದ್ರೆ?”

“ಕೇಳಿದ ದಿನ ಒಂದು ಶೀಟೂ ನೆಂದಿಲ್ಲ, ಬೇಕಾದ್ರೆ ಹಿಂದಿನದೆಲ್ಲ ನೋಡ್ಕೊಳ್ಳಿ. ಇವತ್ತು ಎಲ್ಲಾ ಗೊತ್ತು ಅಂದ್ಕೊಂಡು ನಾನೇ ಹಾಕಿಸಿದೆ.” ಆ ಮಾತು ಆಡಿ ಅಭ್ಯಾಸವಿಲ್ಲದವನ ಹಾಗೆ, ಜಗಳದ ದನಿಯಲ್ಲೇ ಹೇಳಿದ: “ತಪ್ಪು ನಂದು.”

ಬಾಗಿಲಲ್ಲಿ ದೊಡ್ಡಮ್ಮ, “ಅಯ್ಯೋ, ಅಲ್ಲ ಕಣೋ...” ಎಂದಳು.

“ನೀನು ಸುಮ್ನಿರು ದೊಡ್ಡಮ್ಮ. ನನ್ನ ತಪ್ಪಲ್ಲೂ ಪಾಲು ಬೇಕಾ ನಿಂಗೆ?”

ಅಧಿಕಾರಿ ನನ್ನ ಕಡೆ ತಿರುಗಿದರು. ಆ ಬೆಳಿಗ್ಗೆ ಫೋನಿನ ಕ್ಲಿಕ್ ಸದ್ದು ಕೇಳಿದ್ದವರು ಮೂರೇ ಜನ, ಮೂವರೂ ಅಲ್ಲೇ ಇದ್ದೆವು.

“ರಿಜಿಸ್ಟರ್ ಇತ್ತ ಕೊಡಿ” ಎಂದೆ.

‘ಕಾರಣ’ ಎಂಬ ಅಂಕಣದಲ್ಲಿ ಮೇಸ್ತ್ರಿ ‘ತಪ್ಪು ನನ್ನದು’ ಎಂದು ತನ್ನ ದಪ್ಪ ಅಕ್ಷರಗಳಲ್ಲಿ ಬರೆದ. ಅದರ ಕೆಳಗೆ ನಾನು ಸಹಿ ಹಾಕಿದೆ.